ನಾಗರತ್ನನ ಸಾರಿನಪುಡಿಯ ಖಾರ ಇಳಿದ ಕಥೆ

ಊರವರ ಬಾಯಿಗೆ ಬೀಳಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. ನಾನೋ, ಊರವರ ಬಾಯಿ ನೋಡಿಕೊಂಡೇ ಜೀವನ ಕಳೆದೆ. ಬಸವನಗುಡಿಯಲ್ಲಿ ಶುರುವಾಗಿ ಚಾಮರಾಜಪೇಟೆಯಲ್ಲಿ ಮುಗಿದ ಹಲ್ಲಿನ ಡಾಕ್ಟರಿಕೆ ನನ್ನದು. ಈಗ ಗವಿಪುರದ ಮನೆಯಲ್ಲಿ ಕೂತು, ಕಾಫಿ ಆರುವ ಮುಂಚೆ ಪೂರ್ತಿ ಕುಡಿಯುವ ಸುಖ ಅನುಭವಿಸುತ್ತಿದ್ದೇನೆ.

ನನ್ನ ಕ್ಲಿನಿಕ್ಕನ್ನು ಈಗ ನಡೆಸುತ್ತಿರುವ ಅನುಷಾ ಮೊನ್ನೆ ಫೋನು ಮಾಡಿ, "ಮೇಡಂ, ಹೊಸದಾಗಿ ಈ ಕೆಲಸಕ್ಕೆ ಬರ್ತಿರೋ ಹುಡುಗ್ರಿಗೆ ಏನಾದ್ರೂ ಬರ್ಕೊಡಿ. ಸ್ವಲ್ಪ ಸೀರಿಯಸ್ಸಾಗಿರ್ಲಿ" ಅಂದಳು.

"ಹಾಗಾದ್ರೆ ಸಾರಿನಪುಡಿ ವಿಷಯ ಬರೀತೀನಿ" ಅಂದೆ.

"ಸೀರಿಯಸ್ಸಾಗಿ ಅಂದೆ ಮೇಡಂ" ಅಂದಳು. ರಿಟೈರ್ ಆದಮೇಲೆ ಮೇಡಂಗೆ ಏನೋ ಆಗಿದೆ ಅಂದುಕೊಂಡಿರಬೇಕು, ಪಾಪ. ಆದರೆ ನಾನು ತಮಾಷೆ ಮಾಡುತ್ತಿರಲಿಲ್ಲ. ನಾನು ಹಿಡಿದ ಅತಿ ದೊಡ್ಡ ಕಾಯಿಲೆಯನ್ನು ಎಕ್ಸ್‌ರೇ ನೋಡಿ ಹಿಡಿಯಲಿಲ್ಲ. ಊಟದ ತಟ್ಟೆಯ ಮುಂದೆ ಕೂತು, ಸಾರು ಸಪ್ಪೆಯಾಗಿದೆ ಅಂತ ಗಂಡನ ಕೈಲಿ ಬೈಸಿಕೊಂಡು ಹಿಡಿದೆ.

ಅದನ್ನು ಹೇಳುವ ಮುಂಚೆ ನಮ್ಮ ದೊಡ್ಡ ಡಾಕ್ಟರ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಲೇಜು ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಗಾಂಧಿ ಬಜಾರಿನ ಹತ್ತಿರ ಅವರ ಕ್ಲಿನಿಕ್ಕಿನಲ್ಲಿ. ಊರಿಗೆಲ್ಲ ಅವರು ದೊಡ್ಡ ಡಾಕ್ಟರು. ಆಳು ಮಾತ್ರ ನನ್ನ ಭುಜದ ತನಕ ಬರುತ್ತಿದ್ದರು, ಸ್ಟೂಲು ಹಾಕಿಕೊಂಡು ಹಲ್ಲು ಕೀಳುತ್ತಿದ್ದರು. ಆಗಿನ ಡ್ರಿಲ್ಲು ಈಗಿನ ಹಾಗೆ ಸುಯ್ ಅನ್ನುವ ನಾಜೂಕಿನ ಯಂತ್ರವಲ್ಲ. ಒಂದು ಮೋಟರು, ಅದರಿಂದ ಹೊರಟ ದಾರ, ಆ ದಾರ ಓಡುವುದಕ್ಕೆ ಸಣ್ಣ ಸಣ್ಣ ರಾಟೆಗಳು. ನನಗಿದ್ದದ್ದು ಮೊಣಕಾಲು ಮುಟ್ಟುವ ಜಡೆ. ಸೇರಿದ ವಾರದಲ್ಲೇ ಆ ದಾರ ನನ್ನ ಜಡೆಯನ್ನು ಸುತ್ತಿಕೊಂಡು ಎಳೆಯಿತು. ನಾನು ಕಿರುಚಿದೆ. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದವರು ನನಗಿಂತ ಜೋರಾಗಿ ಕಿರುಚಿದರು. ದೊಡ್ಡ ಡಾಕ್ಟರು ಸಾವಧಾನವಾಗಿ ಬಂದು ಸ್ವಿಚ್ಚು ಆರಿಸಿ, "ಹಲ್ಲಿಗೆ ಫಿಲ್ಲಿಂಗ್ ಮಾಡಮ್ಮಾ, ಜಡೆಗೆ ಬೇಡ" ಅಂದರು. ಮಾರನೆಯ ದಿನದಿಂದ ಜಡೆ ಗಂಟಾಗಿ ನೆತ್ತಿಗೆ ಏರಿತು.

ಅವರದೊಂದು ಹಟವಿತ್ತು. ರೋಗಿ ಯಾವ ಹಲ್ಲು ನೋವು ಅಂದರೂ ಆ ಹಲ್ಲನ್ನು ಮೊದಲು ನೋಡಕೂಡದು. "ಹಲ್ಲು ಎಲ್ಲೂ ಓಡಿಹೋಗಲ್ಲ ಕಣಮ್ಮಾ. ಮೊದ್ಲು ತುಟಿ ನೋಡು. ಕೆನ್ನೆ ಒಳಗಡೆ ನೋಡು. ನಾಲಗೆ ಎತ್ತಿಸು. ತಲೆ ಹಿಂದಕ್ಕೆ ಬಾಗಿಸಿ ಅಂಗುಳು ನೋಡು. ಹಲ್ಲು ಕೊನೇಲಿ" ಅನ್ನುತ್ತಿದ್ದರು. ನಾನು ಶಿಸ್ತಾಗಿ ಪಾಲಿಸುತ್ತಿದ್ದೆ. ಒಮ್ಮೆ ಒಬ್ಬ ವಕೀಲರು ದವಡೆ ಹಿಡಿದುಕೊಂಡು ಬಂದರು. ನಾನು ತುಟಿ, ಕೆನ್ನೆ, ನಾಲಗೆ, ಅಂಗುಳು ಅಂತ ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಅವರ ತಾಳ್ಮೆ ಮುಗಿಯಿತು. "ಏನಮ್ಮಾ, ಬಾಡಿಗೆ ಮನೆ ನೋಡ್ತಿದೀಯಾ? ಎಲ್ಲಾ ರೂಮೂ ನೋಡಾಯ್ತಲ್ಲ, ಅಡ್ವಾನ್ಸ್ ಕೊಡ್ತೀಯೋ ಇಲ್ವೋ?" ಅಂದರು. ನನಗೆ ನಗು ತಡೆಯಲಾಗದೆ ಕೈಯಲ್ಲಿದ್ದ ಕನ್ನಡಿ ಅವರ ಅಂಗಿಯ ಜೇಬಿಗೆ ಬಿತ್ತು. ಸಂಜೆ ಅದನ್ನು ವಾಪಸು ತಂದುಕೊಟ್ಟರು ಅನ್ನಿ.

ಆಮೇಲೆ ಎಷ್ಟೆಲ್ಲ ಬದಲಾಯಿತು. ಸೂಜಿ ಕುದಿಸುವ ಪಾತ್ರೆ ಹೋಯಿತು. ಅಂಗೈಯಲ್ಲಿ ಪಾದರಸದ ಉಂಡೆ ಉರುಳಿಸಿ ಹಲ್ಲಿಗೆ ತುಂಬುವುದು ಹೋಯಿತು, ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಕೈಗವಸು ಬಂತು, ಹಲ್ಲಿನ ಬಣ್ಣದ್ದೇ ಸಿಮೆಂಟು ಬಂತು, ಎಕ್ಸ್‌ರೇ ಟಿವಿಯಲ್ಲಿ ಕಾಣಿಸುವಂತಾಯಿತು. ಹೊಸ ಯಂತ್ರ ಬಂದಾಗಲೆಲ್ಲ ನಾನು ಹಬ್ಬಕ್ಕೆ ಬಟ್ಟೆ ತಂದವಳ ಹಾಗೆ ಕುಣಿದಿದ್ದೇನೆ. ಆದರೆ ಬಾಡಿಗೆ ಮನೆ ನೋಡುವ ಚಾಳಿ ಮಾತ್ರ ಬಿಡಲಿಲ್ಲ, ಅದು ಬಿಡಲಿಲ್ಲವಾದ್ದರಿಂದಲೇ ಈ ಕಥೆ.

ಇನ್ನು ನಾಗರತ್ನ. ಇದು ಅವಳ ನಿಜವಾದ ಹೆಸರಲ್ಲ. "ಬರೀರಿ ಡಾಕ್ಟ್ರೇ, ನನ್ನಂಥ ಇನ್ನೊಬ್ಳಿಗೆ ಬೇಗ ಗೊತ್ತಾಗ್ಲಿ" ಅಂತ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಚಾಮರಾಜಪೇಟೆಯಲ್ಲಿ ನನ್ನ ಕ್ಲಿನಿಕ್ಕಿನ ಹಿಂದಿನ ರಸ್ತೆಯಲ್ಲಿ ಅವಳದೊಂದು ಕಾಂಡಿಮೆಂಟ್ಸ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ತಾರಸಿ. ಚಟ್ನಿಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಎಲ್ಲ ಮನೆಯಲ್ಲೇ ತಯಾರು. ಗಂಡ ತೀರಿಕೊಂಡ ಮೇಲೆ ಅವಳೂ ಅವಳ ಅತ್ತೆ ಸೀತಮ್ಮನವರೂ ಸೇರಿ ಕಟ್ಟಿದ ವ್ಯಾಪಾರ. ಆದರೆ ಜನ ಸಾಲುಗಟ್ಟುತ್ತಿದ್ದದ್ದು ಸಾರಿನಪುಡಿಗೆ. ಅದರ ಘಮ ಹೇಗೆಂದರೆ, ಹುರಿಯುವ ದಿನ ನನ್ನ ಕ್ಲಿನಿಕ್ಕಿನಲ್ಲಿ ಅರಿವಳಿಕೆ ಚುಚ್ಚಿಸಿಕೊಂಡು ಕೂತವರೂ ಮೂಗರಳಿಸಿ, "ಇವತ್ತು ಹುರೀತಿದಾಳೆ ಅಲ್ವಾ" ಅನ್ನುತ್ತಿದ್ದರು, ತೊದಲುತ್ತಾ.

ಅವಳಿಗೆ ತಕ್ಕಡಿಯ ಮೇಲೆ ಪೂರ್ತಿ ನಂಬಿಕೆಯಿಲ್ಲ. ಒಂದೊಂದು ಲೋಡಿನ ಮೆಣಸಿನಕಾಯಿಗೆ ಒಂದೊಂದು ಖಾರ, ಅಳತೆ ಹಿಡಿದುಕೊಂಡು ಕೂತರೆ ರುಚಿ ಕೈಕೊಡುತ್ತದೆ ಅನ್ನುವಳು. ಗಿರಣಿಯಿಂದ ಪುಡಿ ಬಂದಮೇಲೆ ಒಂದು ಚಿಟಿಕೆ ನಾಲಗೆಯ ತುದಿಗೆ ಹಾಕಿ, ಕಣ್ಣು ಮುಚ್ಚಿ ನಿಲ್ಲುವಳು. ಖಾರ ಹೆಚ್ಚೆನಿಸಿದರೆ ಹುರಿದ ಕೊತ್ತಂಬರಿ ಬೆರೆಸುವಳು, ಕಡಿಮೆಯೆನಿಸಿದರೆ ಮೆಣಸಿನಪುಡಿ. ಅವಳ ನಾಲಗೆ ಹೂಂ ಅಂದಮೇಲೇ ಪೊಟ್ಟಣ. ಅತ್ತೆಗೂ ಆ ಅಧಿಕಾರವಿರಲಿಲ್ಲ.

ನನ್ನ ಯಜಮಾನರು ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ಜೀವನದಲ್ಲಿ ಎರಡೇ ಪ್ರೀತಿ, ಸಾರು ಮತ್ತು ವಾದ. ಒಂದು ದಿನ ತಟ್ಟೆಯ ಮುಂದೆ ಕೂತು ಮುಖ ಹಿಂಡಿದರು. "ವಿಮಲಾ, ಇದೇನೇ ಇದು? ಸಾರೋ, ಕಷಾಯವೋ?" ಅಂದರು. ಮುಂದಿನ ಪೊಟ್ಟಣ ಇನ್ನೂ ಸಪ್ಪೆ. ಅದರ ಮುಂದಿನದು ಬರೀ ಕೊತ್ತಂಬರಿ ಪುಡಿ. ಸರಿ, ಇವರು ವಾಕಿಂಗ್ ಹೋಗುವ ಪಾರ್ಕಿನಲ್ಲಿ ಅದೇ ಚರ್ಚೆ. ಎಲ್ಲರ ಮನೆಯಲ್ಲೂ ಸಾರು ಸಪ್ಪೆಯಂತೆ! ಒಬ್ಬರು ಬ್ಯಾಡಗಿ ಮೆಣಸಿನಕಾಯಿಗೆ ಕಲಬೆರಕೆ ಅಂದರು. ಇನ್ನೊಬ್ಬರು ಗಿರಣಿಯ ಕಲ್ಲು ಸವೆದಿದೆ ಅಂದರು. ಮೂರನೆಯವರು ಕಾವೇರಿ ನೀರಿನ ಮೇಲೆ ಹಾಕಿದರು. ನಮ್ಮವರು, "ಅತ್ತೆ ಸೊಸೆ ಜಗಳ ರೀ, ಅತ್ತೆ ಬೇಕೂಂತಲೇ ಕೊತ್ತಂಬರಿ ಸುರೀತಿದಾಳೆ" ಅಂತ ತೀರ್ಪು ಕೊಟ್ಟರು. ಪಾಪ, ಸೀತಮ್ಮನವರು ಪಾರ್ಕಿನಲ್ಲಿ ಅಪರಾಧಿಯಾಗಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ನಾನೇ ಜಗಳಕ್ಕೆ ಹೊರಟೆ. ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿ, ಸೆರಗು ಸಿಕ್ಕಿಸಿಕೊಂಡು, ಪೊಟ್ಟಣ ಕೈಯಲ್ಲಿ ಹಿಡಿದು ಅಂಗಡಿಗೆ ನುಗ್ಗಿದೆ. ನಾಗರತ್ನ ಆಗತಾನೇ ತಾರಸಿಯಲ್ಲಿ ಹಪ್ಪಳ ಒಣಹಾಕಿ ಇಳಿದು ಬಂದಿದ್ದಳು. ಎರಡೂ ಕೆನ್ನೆ ಕೆಂಪಾಗಿ ಉರಿಯುತ್ತಿದ್ದವು.

"ಏನು ನಾಗರತ್ನ, ಖಾರಕ್ಕೇನಾದ್ರೂ ರೇಷನ್ನು ಬಂದಿದ್ಯಾ?" ಅಂದೆ.

"ನೀವೂ ಶುರು ಮಾಡಿದ್ರಾ ಡಾಕ್ಟ್ರೇ?" ಅಂದಳು. ಮಾತಿನ ಮಧ್ಯೆ ಬಾಟಲಿ ಎತ್ತಿ ನೀರು ಕುಡಿದಳು. "ಎಲ್ರೂ ಸಪ್ಪೆ ಸಪ್ಪೆ ಅಂತಾರೆ." ಮತ್ತೆ ನೀರು. "ನನ್ನ ನಾಲ್ಗೆ ಸುಳ್ಳು ಹೇಳುತ್ತಾ? ಇಲ್ಲೇ ನೋಡೇಬಿಡೋಣ ಬನ್ನಿ."

ಡಬ್ಬಿ ತೆಗೆದು ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿದಳು, ತನ್ನ ನಾಲಗೆಗೆ ಒಂದು ಚಿಟಿಕೆ. ನನಗೆ ಹಿಟ್ಟು ತಿಂದ ಹಾಗಾಯಿತು. ಅವಳ ಕಣ್ಣಲ್ಲಿ ಬಳಬಳ ನೀರು! ಕೌಂಟರು ಹಿಡಿದುಕೊಂಡು ಸ್ಸ್ ಸ್ಸ್ ಅನ್ನುತ್ತಾ, "ಇದಕ್ಕೆ ಖಾರ ಇಲ್ವಾ? ನೀವೇ ಹೇಳಿ, ಖಾರ ಇಲ್ವಾ?" ಅಂದಳು.

ನನಗೆ ಜಗಳ ಮರೆತೇ ಹೋಯಿತು. ಪುಡಿ ಒಂದೇ, ನಾಲಗೆ ಎರಡು. ಅವಳು ಪುಡಿಯ ಖಾರ ಅಳೆಯುತ್ತಿರಲಿಲ್ಲ, ತನ್ನ ಬಾಯಿಯ ಉರಿ ಅಳೆಯುತ್ತಿದ್ದಳು. ಉರಿ ಏರಿದ ಹಾಗೆಲ್ಲ ಕೊತ್ತಂಬರಿ ಬೆರೆಸಿ ಖಾರ ಇಳಿಸಿದ್ದಳು. ಇಡೀ ಚಾಮರಾಜಪೇಟೆ ಅವಳ ಬಾಯಿಗೆ ಪಥ್ಯ ಮಾಡುತ್ತಿತ್ತು!

"ಬಾಯಿ ತೆಗಿ" ಅಂದೆ.

"ಇಲ್ಲಿ?"

"ಇಲ್ಲೇ."

ಹಪ್ಪಳದ ಕಟ್ಟುಗಳ ಮಧ್ಯೆ ಅವಳನ್ನು ಮುಕ್ಕಾಲಿಯ ಮೇಲೆ ಕೂರಿಸಿ ಮೊಬೈಲಿನ ಟಾರ್ಚು ಹಾಕಿದೆ. ಅಷ್ಟರಲ್ಲಿ ಉಪ್ಪಿನಕಾಯಿಗೆ ಬಂದ ಹೆಂಗಸೊಬ್ಬರು, "ಏನ್ರೀ ಇದು, ಹಲ್ಲು ನೋಡಿ ಪುಡಿ ಕೊಡ್ತಾರಾ?" ಅಂತ ಕೇಳಿದರು. ಸರಿಯಾದ ಬೆಳಕು ಬೇಕಿತ್ತು, ಅದಕ್ಕೆ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಹಿಂದೆಯೇ ಸೀತಮ್ಮನವರೂ ಬಂದರು.

ತುಟಿ ಒಣಗಿ ಬಿರಿದಿತ್ತು. ಕೆನ್ನೆಯ ಒಳಗೆ ಬಿಳಿಯ ಗೀರುಗಳು, ಸುತ್ತ ಕೆಂಪು. ನನ್ನ ಪುಟ್ಟ ಕನ್ನಡಿ ಕೆನ್ನೆಗೆ ಅಂಟಿಕೊಂಡು ಬರಲೊಲ್ಲದು, ಅಷ್ಟು ಒಣ ಬಾಯಿ. ಎಂಜಲು ಹಲ್ಲಿಗೆ ಅರ್ಧ ರಕ್ಷಣೆ, ಅದಿಲ್ಲದೆ ಒಸಡಿನ ಅಂಚಿಗೆ ಹಲ್ಲುಗಳು ಹುಳುಕಾಗಿದ್ದವು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಅಂಗುಳು ನೋಡಿದೆ. ಮಧ್ಯದಲ್ಲಿ ಕೆಂಪಗೆ, ಅಗಲವಾಗಿ ಒಂದು ಹುಣ್ಣು.

"ಇಲ್ಲಿ ನೋಯುತ್ತಾ?" ಮೆಲ್ಲಗೆ ಒತ್ತಿದೆ.

"ಅಲ್ಲೇನಿದೆ?" ಅಂದಳು.

ಹುಡುಗರೇ, ಇದನ್ನು ನೆನಪಿಟ್ಟುಕೊಳ್ಳಿ. ಕೆನ್ನೆಯ ಹುಣ್ಣು ಉರಿಯುತ್ತಿತ್ತು, ಅದಕ್ಕೇ ಅವಳಿಗೆ ಗೊತ್ತಿತ್ತು. ಅಂಗುಳಿನದು ನೋಯುತ್ತಲೇ ಇರಲಿಲ್ಲ. ನೋಯದ ಹುಣ್ಣನ್ನು ರೋಗಿ ತೋರಿಸುವುದಿಲ್ಲ, ನಾವೇ ಹೋಗಿ ನೋಡಬೇಕು. ದೊಡ್ಡ ಡಾಕ್ಟರು ಸ್ಟೂಲಿನ ಮೇಲೆ ನಿಂತು, "ನಾನು ಹೇಳಲಿಲ್ವೇನಮ್ಮಾ" ಅಂದಂತಾಯಿತು ನನಗೆ.

ಪ್ರಶ್ನೆ ಕೇಳತೊಡಗಿದೆ. ಒಂದೊಂದಕ್ಕೂ ಸೀತಮ್ಮನವರ ಹತ್ತಿರ ಉತ್ತರ ಸಿದ್ಧವಾಗಿತ್ತು.

"ಬಾಯಿ ಹುಣ್ಣು ಎಷ್ಟು ದಿನದಿಂದ?"

"ಉಷ್ಣ ಡಾಕ್ಟ್ರಮ್ಮ. ಒಲೆ ಮುಂದೆ ನಿಂತು ಹುರೀತಾಳಲ್ಲ. ಮಜ್ಜಿಗೆ ಕೊಡ್ತಿದೀನಿ, ತುಪ್ಪ ಹಚ್ತಿದೀನಿ."

"ಕೆನ್ನೆ ಯಾಕೆ ಹೀಗೆ ಕೆಂಪಾಗಿದೆ?"

"ಮೆಣಸಿನಕಾಯಿ ಘಾಟು."

"ಬೆಳಿಗ್ಗೆ ಎದ್ದಾಗ ಕೈಬೆರಳು ಬಿಗಿಯುತ್ತಾ?"

"ಹಪ್ಪಳ ಲಟ್ಟಿಸೋರಿಗೆ ಬೆರಳು ಹಿಡೀದೆ ಇರುತ್ತಾ?"

"ಕೂದಲು ಉದುರ್ತಿದ್ಯಾ?"

"ಬೆಂಗ್ಳೂರು ನೀರು."

ನನಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಎಲ್ಲದಕ್ಕೂ ಕಾರಣವಿತ್ತು, ಎಲ್ಲ ಕಾರಣವೂ ಆ ಅಂಗಡಿಯಿಂದಲೇ ಬಂದಿದ್ದವು, ಎಲ್ಲವೂ ನಂಬುವಂತಿದ್ದವು. ಬೇರೆ ಕೆಲಸದವಳಾಗಿದ್ದರೆ ಯಾರಾದರೂ ಎಂದೋ ಅನುಮಾನಪಡುತ್ತಿದ್ದರು. ಸಾರಿನಪುಡಿಯ ಮನೆಯಲ್ಲಿ ಉರಿ, ಕೆಂಪು, ಕೈನೋವು ಅಂದರೆ ಯಾರಿಗೆ ಏನು ಆಶ್ಚರ್ಯ? ಮೆಡಿಕಲ್ ಶಾಪಿನವನೂ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸಿದ್ದ.

ಇದೆಲ್ಲ ಸೇರಿ ಒಂದೇ ಕಾಯಿಲೆ ಇರಬಹುದು ಅಂತ ನನಗೆ ಅನುಮಾನ ಬಂತು, ಆದರೆ ಅದರ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಕಂಡದ್ದನ್ನೆಲ್ಲ ಬರೆದು, ಕೀಲು ಮತ್ತು ಮೈಯ ರಕ್ಷಣಾ ಶಕ್ತಿಯ ಕಾಯಿಲೆ ನೋಡುವ ತಜ್ಞರೊಬ್ಬರ ಹತ್ತಿರ ಕಳಿಸಿದೆ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಆಯಿತು. ಲೂಪಸ್ ಅಂತಲೇ ಬಂತು.

"ಹಾಗಂದ್ರೇನು?" ಅಂತ ನಾಗರತ್ನ ಓಡಿಬಂದು ನನ್ನನ್ನು ಕೇಳಿದಳು. ತಜ್ಞರು ಹೇಳಿದ್ದು ಅರ್ಧ ಅವಳ ಕಿವಿಗೆ ಹೋಗಿರಲಿಲ್ಲ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಕಣೇ" ಅಂದೆ. "ರೋಗದಿಂದ ನಿನ್ನನ್ನ ಕಾಯ್ಬೇಕಾದ ಶಕ್ತಿ ನಿನ್ನ ಮೇಲೇ ತಿರುಗಿಬಿದ್ದಿದೆ. ಬಾಯಿ, ಚರ್ಮ, ಕೀಲು, ಸಿಕ್ಕಿದ್ದನ್ನೆಲ್ಲ ಮೇಯ್ತಿದೆ. ಪೂರ್ತಿ ಹೋಗೋ ಕಾಯಿಲೆ ಅಲ್ಲ, ಆದ್ರೆ ಹತೋಟೀಲಿ ಇಡ್ಬಹುದು."

"ಅಂಟುತ್ತಾ?"

"ಅಂಟಲ್ಲ."

ಅದಕ್ಕೆ ಅವಳು ಹೇಳಿದ್ದು ಇದು: "ನೀವು ಅಂಟಲ್ಲ ಅಂತೀರಿ. ಜನಕ್ಕೆ ಯಾರು ಹೇಳ್ತಾರೆ? ಸಾರಿನಪುಡಿಯವಳಿಗೆ ಬಾಯಿ ತುಂಬಾ ಹುಣ್ಣಂತೆ ಅಂದ್ರೆ ನಾಳೆ ಒಂದು ನರಪಿಳ್ಳೆ ಅಂಗಡಿಗೆ ಬರಲ್ಲ. ಹೋಗ್ಲಿ, ಗುಟ್ಟಾಗಿಟ್ಕೊಂಡೆ ಅಂತಿಟ್ಕೊಳಿ. ರುಚಿ ನೋಡೋರು ಯಾರು? ಅಂಗಡಿ ಅಂದ್ರೆ ನನ್ನ ನಾಲ್ಗೆ ಡಾಕ್ಟ್ರೇ. ಅದು ಹೋದ್ರೆ ಬಾಗ್ಲು ಹಾಕ್ದಂಗೆ."

ಹಲ್ಲು ಹೋದರೆ ಕಟ್ಟಿಸಿಕೊಡಬಲ್ಲೆ, ನಾಲಗೆಯ ರುಚಿಯನ್ನು ಯಾವ ಅಚ್ಚಿನಲ್ಲಿ ಮಾಡಿಸಲಿ?

"ನಿನ್ನ ನಾಲ್ಗೆ ವಾಪಸ್ ಬರೋ ತನಕ ನನ್ನ ನಾಲ್ಗೆ ಇಟ್ಕೋ" ಅಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ. ಹಾಗೆ ನಾನು ಚಾಮರಾಜಪೇಟೆಯ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ಗೌರವ ನಾಲಗೆಯಾಗಿ ನೇಮಕಗೊಂಡೆ.

ಚಿಕಿತ್ಸೆಯ ದಿನಗಳು ಒಂದು ನಾಟಕ. ತಜ್ಞರು ಬಿಸಿಲಿಗೆ ಹೋಗಕೂಡದು ಅಂದರು, ಬಿಸಿಲು ತಾಗಿದರೆ ಈ ಕಾಯಿಲೆ ಕೆರಳುತ್ತದಂತೆ. ಹಪ್ಪಳ ಒಣಗಿಸುವವಳಿಗೆ ಬಿಸಿಲು ಬೇಡ ಅಂದರೆ ಹೇಗೆ? ಮಂಡಿನೋವು ಅಂತ ವರ್ಷಗಟ್ಟಲೆ ತಾರಸಿ ಹತ್ತದ ಸೀತಮ್ಮನವರು ತಮ್ಮ ಯಜಮಾನರ ಕಾಲದ ಕರಿ ಕೊಡೆ ಹಿಡಿದು ದಡದಡ ಮೆಟ್ಟಿಲು ಹತ್ತಿದರು! ಕಾಗೆ ಓಡಿಸುವುದಕ್ಕೆ ಕೊಡೆ ಬೀಸುತ್ತಾ, ಅಲ್ಲಿಂದಲೇ ರಸ್ತೆಯ ಗಿರಾಕಿಗಳಿಗೆ ಬೆಲೆ ಕೂಗಿ ಹೇಳುತ್ತಾ ಅವರು ಹತ್ತು ವರ್ಷ ಚಿಕ್ಕವರಾದರು.

ಬಾಯಿ ಒಣಗದಿರಲಿ ಅಂತ ನಾನು ನಾಗರತ್ನಳಿಗೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಹೇಳಿದೆ. ಅಗಿದರೆ ಎಂಜಲು ಊರುತ್ತದೆ. ಮೂಗುತಿ, ಕುಂಕುಮ, ರೇಷ್ಮೆ ಅಂಚಿನ ಸೀರೆ, ಜೊತೆಗೆ ಕ್ರಿಕೆಟ್ ಆಟಗಾರನ ಹಾಗೆ ಕಚಕಚ ಅಗಿಯುವ ಬಾಯಿ. "ಮಾನ ಕಳೀತಿದಾಳೆ ಡಾಕ್ಟ್ರಮ್ಮ, ನಿನ್ನೆ ಗುಳ್ಳೆ ಬೇರೆ ಊದಿದ್ಲು" ಅಂತ ಅತ್ತೆಯ ದೂರು. ನಾಗರತ್ನ ನನ್ನ ಮುಂದೆ ಇನ್ನೊಂದು ಗುಳ್ಳೆ ಊದಿ ತೋರಿಸಿದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಂದು ದವಡೆ ಹಲ್ಲು ಕೀಳಲೇಬೇಕಿತ್ತು. ಇಕ್ಕಳ ಹಿಡಿಯುವ ಮುಂಚೆ ನಾನು ತಜ್ಞರಿಗೆ ಫೋನು ಮಾಡಿದೆ. ಹಲ್ಲಿನ ಡಾಕ್ಟರು ಕೇಳುವುದು ಅಪರೂಪವೋ ಏನೋ, ಅವರಿಗೆ ಆಶ್ಚರ್ಯವಾಯಿತು. "ಒಳ್ಳೇದು ಮಾಡಿದ್ರಿ. ರಕ್ತ ಹೆಪ್ಪುಗಟ್ಟಿಸೋ ಕಣಗಳು ಕಡಿಮೆ ಇವೆ, ಸ್ವಲ್ಪ ತಡೀರಿ. ನೋವಿನ ಮಾತ್ರೆ ನನ್ನ ಕೇಳದೆ ಕೊಡ್ಬೇಡಿ, ಕಿಡ್ನಿ ನೋಡ್ಕೋಬೇಕು" ಅಂದರು. ತಡೆದೆ. ಅವರು ಸರಿ ಅಂದಮೇಲೆ ಕಿತ್ತೆ, ಒಂದು ಹನಿ ರಕ್ತ ಹೆಚ್ಚಿಗೆ ಸುರಿಯಲಿಲ್ಲ. ಹುಡುಗರೇ, ಒಂದು ಫೋನಿಗೆ ನಾಚಿಕೊಳ್ಳಬೇಡಿ. ಸ್ಟೆರಾಯ್ಡ್ ಶುರುವಾದ ಮೇಲೆ ಒಮ್ಮೆ ಬಾಯಲ್ಲೆಲ್ಲ ಮೊಸರು ಮೆತ್ತಿದ ಹಾಗೆ ಬಿಳಿ ಕಟ್ಟಿತು. ಸೀತಮ್ಮನವರು, "ಬಾಯಿ ಸರಿಯಾಗಿ ತೊಳ್ಕೋಬಾರ್ದೇನೇ" ಅಂತ ಗದರಿದರಂತೆ. ಅದು ಮೊಸರಲ್ಲ, ಬೂಷ್ಟಿನ ಸೋಂಕು. ರಕ್ಷಣಾ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಹಾಗಾಗುವುದುಂಟು. ಅದಕ್ಕೂ ಔಷಧಿ ಕೊಟ್ಟೆ.

ಈ ಮಧ್ಯೆ ನನ್ನ ಹೊಸ ಹುದ್ದೆ. ಮೊದಲ ದಿನ ಕಣ್ಣು ಮುಚ್ಚಿ, ನಾಗರತ್ನನ ಹಾಗೆಯೇ ಗಂಭೀರವಾಗಿ ನಿಂತು, ಒಂದು ಚಿಟಿಕೆ ನಾಲಗೆಗೆ ಹಾಕಿದೆ. "ಇನ್ನೂ ಹಾಕು" ಅಂದೆ. ಹಾಕಿದಳು. "ಇನ್ನೂ" ಅಂದೆ. ಅಷ್ಟು ತಿಂಗಳ ಸಪ್ಪೆ ಸಾರಿನ ಸೇಡು ನನ್ನಲ್ಲಿತ್ತು ಅಂತ ಕಾಣುತ್ತದೆ. ಅವತ್ತಿನ ಪುಡಿ ಮನೆಮನೆಗೆ ಹೋಯಿತು. ಮಧ್ಯಾಹ್ನ ನಮ್ಮವರು ಒಂದು ತುತ್ತು ಉಂಡು, ಎದ್ದು ನಿಂತು, ಮಜ್ಜಿಗೆಯ ಪಾತ್ರೆಯನ್ನೇ ಎತ್ತಿ ಕುಡಿದರು. ಕಿವಿ ಕೆಂಪಾಗಿತ್ತು. ಆದರೆ ಮುಖದಲ್ಲಿ ಯುದ್ಧ ಗೆದ್ದ ಕಳೆ.

"ನೋಡಿದ್ಯಾ? ಪಾರ್ಕಲ್ಲಿ ನಾನು ಅಷ್ಟು ಕೂಗಾಡಿದ್ದಕ್ಕೆ ಬಿಸಿ ತಾಗಿದೆ. ಅತ್ತೆ ಹೆದರ್ಕೊಂಡಿದಾಳೆ" ಅಂದರು.

ರೋಗಿಯ ಗುಟ್ಟು ಗಂಡನಿಗೂ ಹೇಳಬಾರದು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅವರಿಗೆ ಒಳಗುಟ್ಟು ಗೊತ್ತಾಗುವುದು ಇದು ಅಚ್ಚಾದ ಮೇಲೆಯೇ.

ಮುಂದಿನ ಸಲದಿಂದ ಕೈ ಹಿಡಿತಕ್ಕೆ ಬಂತು. ಗಿರಾಕಿಗಳು ವಾಪಸಾದರು. ಆದರೂ ನಮ್ಮವರು ಆಗಾಗ ಸಾರು ಬಾಯಲ್ಲಿಟ್ಟುಕೊಂಡು ಚಾವಣಿ ನೋಡುವರು. "ಖಾರ ಇದೆ ಕಣೇ. ಏನೋ ಒಂದಿಲ್ಲ. ಏನೂಂತ ಗೊತ್ತಾಗ್ತಿಲ್ಲ" ಅನ್ನುವರು. ನನಗೆ ಒಳಗೊಳಗೇ ಸಿಟ್ಟು. ನನ್ನ ನಾಲಗೆಗೇನಾಗಿದೆಯಂತೆ?

ಅಷ್ಟರಲ್ಲಿ ನಾನು ಕ್ಲಿನಿಕ್ಕನ್ನು ಅನುಷಾಳಿಗೆ ಒಪ್ಪಿಸಿ ನಿವೃತ್ತಳಾದೆ. ಹಾರ, ಶಾಲು, ಭಾಷಣ ಎಲ್ಲ ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ನಾಲಗೆಯ ಹುದ್ದೆಗೆ ಮಾತ್ರ ನಿವೃತ್ತಿಯಿರಲಿಲ್ಲ. ಗವಿಪುರದಿಂದ ಆಟೋ ಹತ್ತಿ ಹೋಗುತ್ತಿದ್ದೆ, ರುಚಿ ನೋಡಿ ಬರುತ್ತಿದ್ದೆ. ನಾಗರತ್ನನ ಹುಣ್ಣುಗಳು ಮಾಗುತ್ತಿದ್ದವು. ಒಂದೊಂದು ದಿನ ಒಂದು ಚೂರು ಪುಡಿ ತಾನೂ ನಾಲಗೆಗೆ ಹಾಕಿ ನೋಡುವಳು, ತಕ್ಷಣ ನೀರಿಗೆ ಕೈಹಾಕುವಳು, ತಲೆಯಾಡಿಸುವಳು.

ಬೇಸಿಗೆ ಬಂತು. ಸೀತಮ್ಮನವರು ಮಗಳ ಮನೆಗೆ ಹೋಗಿದ್ದರು. ಅದೇ ಸಮಯಕ್ಕೆ ಮದುವೆ ಮನೆಯೊಂದರಿಂದ ಹಪ್ಪಳಕ್ಕೆ ದೊಡ್ಡ ಆರ್ಡರು. ನಾಗರತ್ನ ನನಗೂ ಹೇಳದೆ ನಡುಮಧ್ಯಾಹ್ನ ತಾರಸಿ ಹತ್ತಿದಳು. ವಾರ ಕಳೆಯುವುದರಲ್ಲಿ ಜ್ವರ, ಕೆನ್ನೆ ಮತ್ತೆ ಕೆಂಪು, ಬಾಯಿ ತುಂಬ ಹುಣ್ಣು. ಈ ಸಲ ಕಿಡ್ನಿಗೂ ತಾಗಿತ್ತು, ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ನೋಡಲು ಹೋದಾಗ ಮಾತಾಡಲಾಗದೆ ಕೈಸನ್ನೆ ಮಾಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಗಿರಣಿಯಿಂದ ಪುಡಿ ಬಂತೇ, ನೀವು ನೋಡಿದಿರೇ ಅಂತ ಕೇಳುತ್ತಿದ್ದಳು.

"ಪುಡಿ ಮನೆ ಹಾಳಾಗ! ನಿನ್ನ ಕಿಡ್ನಿ ಹೋದ್ರೆ ಯಾವ ಅಂಗಡೀಲಿ ತರ್ಲಿ ನಾನು?" ಅಂತ ವಾರ್ಡಿನಲ್ಲೇ ಬೈದೆ. ವಾಪಸು ಬರುವಾಗ ಆಟೋದಲ್ಲಿ ಗೊಳೋ ಅಂತ ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಯಾವ ರೋಗಿಗೂ ನಾನು ಹಾಗೆ ಅತ್ತಿರಲಿಲ್ಲ. ಈ ಹುಡುಗಿ ಇನ್ನು ಕಣ್ಣು ಮುಚ್ಚಿ ಆ ಡಬ್ಬಿಯ ಮುಂದೆ ನಿಲ್ಲುವುದೇ ಇಲ್ಲವೇನೋ ಅನ್ನಿಸಿಬಿಟ್ಟಿತ್ತು.

ಔಷಧಿ ಬದಲಾಯಿಸಿದರು. ಕಿಡ್ನಿ ಉಳಿಯಿತು. ಸೀತಮ್ಮನವರು ತಾರಸಿಯ ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ಮಾಂಗಲ್ಯದ ಹಾಗೆ ಕತ್ತಿಗೆ ಹಾಕಿಕೊಂಡರು. ಅನುಷಾ ತಿಂಗಳು ತಿಂಗಳೂ ಬಾಯಿ ನೋಡಿದಳು, ತುಟಿ ಮೊದಲು, ಹಲ್ಲು ಕೊನೆಗೆ. ನಾನು ಹಿಂದೆ ನಿಂತು ಇಣುಕುತ್ತಿದ್ದೆ. "ಮೇಡಂ, ಬೆಳಕಿಗೆ ಅಡ್ಡ ಬರ್ತಿದೀರ" ಅನ್ನಿಸಿಕೊಳ್ಳುತ್ತಿದ್ದೆ.

ಮೊನ್ನೆ ಸೋಮವಾರ ಎಂದಿನಂತೆ ಅಂಗಡಿಗೆ ಹೋದೆ. ಹೊಸ ಪುಡಿಯ ಡಬ್ಬಿ ತೆರೆದಿತ್ತು. ನಾನು ಅಂಗೈ ಚಾಚಿದೆ. ನಾಗರತ್ನ ನನ್ನ ಅಂಗೈ ನೋಡಲೇ ಇಲ್ಲ. ಒಂದು ಚಿಟಿಕೆ ತೆಗೆದು ತನ್ನ ನಾಲಗೆಯ ತುದಿಗೆ ಹಾಕಿ ಕಣ್ಣು ಮುಚ್ಚಿದಳು. ನಾನು ನೀರಿನ ಬಾಟಲಿಯನ್ನೇ ನೋಡುತ್ತಿದ್ದೆ. ಅವಳ ಕೈ ಅದರ ಕಡೆ ಹೋಗಲಿಲ್ಲ.

ಕಣ್ಣು ಬಿಟ್ಟಳು. ಮುಖ ಗಂಟಿಕ್ಕಿತು.

"ಡಾಕ್ಟ್ರೇ, ಇಷ್ಟು ದಿನಾನೂ ನಾವು ಇದನ್ನೇ ಮಾರ್ತಿದ್ವಾ?"

"ಯಾಕೆ? ಏನಾಗಿದೆ?"

"ಖಾರ ಮಾತ್ರ ನೋಡಿದೀರ. ಜೀರಿಗೆ ಎಲ್ಲಿ? ಮೆಂತ್ಯದ ಕಹಿ ಕೊನೇಲಿ ಬರ್ಬೇಕು, ಬರ್ತಾನೇ ಇಲ್ಲ. ಅಯ್ಯೋ ದೇವ್ರೇ, ಜನ ಹೆಂಗೆ ತಿಂದ್ರೋ!" ಅವಳು ಆಗಲೇ ಬಾಣಲೆ ಇಟ್ಟು ಜೀರಿಗೆ, ಮೆಂತ್ಯ ಸುರಿಯುತ್ತಿದ್ದಳು. ಹುರಿದು, ಕುಟ್ಟಿ, ಬೆರೆಸಿ, ಮತ್ತೆ ನಾಲಗೆಗೆ ಹಾಕಿ, ಹೂಂ ಅಂದಳು. ಒಂದು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು. "ಬೇಜಾರ್ ಮಾಡ್ಕೋಬೇಡಿ. ನಾಳೆಯಿಂದ ರುಚಿ ನೋಡೋಕೆ ಬರ್ಬೇಡಿ. ಸುಮ್ನೆ ಕಾಫಿಗೆ ಬನ್ನಿ."

ಸೀತಮ್ಮನವರು ತಾರಸಿಯಿಂದಲೇ, "ಏನಂತೆ ಅಲ್ಲಿ?" ಅಂತ ಕೂಗಿದರು.

"ಡಾಕ್ಟ್ರನ್ನ ಕೆಲ್ಸದಿಂದ ತೆಗ್ದೆ ಅತ್ತೇ!" ಅಂತ ನಾಗರತ್ನ ಮೇಲಕ್ಕೆ ಕೂಗಿ ಹೇಳಿದಳು.

ಇಡೀ ರಸ್ತೆಗೆ ಕೇಳಿಸಿತು. ನಾನು ಪೊಟ್ಟಣ ಎದೆಗೆ ಒತ್ತಿಕೊಂಡು ನಗುತ್ತಾ ನಡೆದೆ. ಆಟೋದವನು, "ಏನ್ ಮೇಡಂ, ಲಾಟ್ರಿ ಹೊಡೀತಾ?" ಅಂದ. ಹೌದು ಅಂದೆ.

ಮನೆಗೆ ಬಂದು, "ನನ್ನ ಕೆಲ್ಸ ಹೋಯ್ತು ರೀ" ಅಂದೆ.

"ಯಾವ ಕೆಲ್ಸಾನೇ? ನೀನು ರಿಟೈರ್ ಆಗಿಲ್ವಾ?" ಅಂದರು ನಮ್ಮವರು, ಪೇಪರಿನಿಂದ ತಲೆಯೆತ್ತದೆ.

ಉತ್ತರ ಕೊಡದೆ ಒಳಗೆ ಹೋಗಿ ಬೇಳೆ ಬೇಯಿಸಿ, ಹೊಸ ಪೊಟ್ಟಣ ಒಡೆದು ಸಾರು ಮಾಡಿದೆ. ಬಡಿಸಿ, ಎದುರಿಗೆ ಕೂತು ಅವರ ಮುಖವನ್ನೇ ನೋಡಿದೆ. ಒಂದು ತುತ್ತು ಬಾಯಿಗಿಟ್ಟು ಚಾವಣಿ ನೋಡಿದರು. ಇನ್ನೊಂದು ತುತ್ತು. ಆಮೇಲೆ ಮೆಲ್ಲಗೆ, ವಾದವನ್ನೇ ಮರೆತವರ ಹಾಗೆ ಅಂದರು:

"ನಾಗರತ್ನ ವಾಪಸ್ ಬಂದಿದಾಳೆ ಕಣೇ. ಇಷ್ಟು ದಿನ ಎಲ್ಲಿಗೆ ಹೋಗಿದ್ಲು?"